ಕುದುರೆ ಸಾಕುವವರಿಗೆ ಒಣಹುಲ್ಲು ಪೂರೈಸುವುದು: ತೊಡಕುಗಳು ಮತ್ತು ನಿಭಾಯಿಸುವ ಬಗೆ

ದನಕರುಗಳಿಗೆ ಹುಲ್ಲು ಮಾರಿ ಪಳಗಿದ ರೈತರೂ ವ್ಯಾಪಾರಿಗಳೂ ಕುದುರೆ ಲಾಯಗಳಿಗೆ ಹುಲ್ಲು ಕೊಡಲು ಹೊರಟಾಗ ಮೊದಲ ಹಂಗಾಮಿನಲ್ಲೇ ತಬ್ಬಿಬ್ಬಾಗುವುದುಂಟು. ಹೊಲ ಅದೇ, ಯಂತ್ರ ಅದೇ, ಹುಲ್ಲೂ ಅದೇ. ಆದರೆ ದನ ಸಾಕುವವರು ಮರುಮಾತಿಲ್ಲದೆ ಇಳಿಸಿಕೊಳ್ಳುತ್ತಿದ್ದಂಥ ಲೋಡನ್ನು ಕುದುರೆಯ ಒಡೆಯರು ಒಂದೇ ಒಂದು ಪೆಂಡಿ ಬಿಚ್ಚಿ, ಮೂಸಿ ನೋಡಿ, ವಾಪಸು ಕಳುಹಿಸಿಬಿಡುತ್ತಾರೆ. ಇದು ಗ್ರಾಹಕರ ಅತಿ ನಾಜೂಕುತನವೆಂದು ಮುನಿಸಿಕೊಂಡವರು ಈ ವ್ಯಾಪಾರದಲ್ಲಿ ಬಹಳ ಕಾಲ ನಿಲ್ಲುವುದಿಲ್ಲ. ಅವರು ಕೇಳುವ ಪ್ರತಿಯೊಂದು ಪ್ರಶ್ನೆಯೂ ಕುದುರೆಯ ಹೊಟ್ಟೆ ಮತ್ತು ಶ್ವಾಸಕೋಶಗಳಿಂದ ಹುಟ್ಟಿದ್ದು ಎಂಬುದನ್ನು ಅರಿತರೆ, ಯಾವುದಕ್ಕೆ ಎಷ್ಟು ಶ್ರಮ ಹಾಕಬೇಕೆಂಬುದು ತಾನಾಗಿ ತಿಳಿಯುತ್ತದೆ.

ದನ ಮೆಲುಕು ಹಾಕುವ ಪ್ರಾಣಿ. ಅದು ತಿಂದ ಹುಲ್ಲು ಮೊದಲು ಸೇರುವುದು ಸೂಕ್ಷ್ಮಜೀವಿಗಳಿಂದ ತುಂಬಿದ ದೊಡ್ಡ ಹೊಟ್ಟೆಗೆ. ಹುಲ್ಲಿನಲ್ಲಿರುವ ಎಷ್ಟೋ ದೋಷಗಳು ಅಲ್ಲಿಯೇ ತಕ್ಕಮಟ್ಟಿಗೆ ಕಳೆಯುತ್ತವೆ. ಕುದುರೆಗೆ ಈ ಅನುಕೂಲವಿಲ್ಲ. ಅದರ ಜಠರ 8ರಿಂದ 15 ಲೀಟರ್‌ನಷ್ಟು ಮಾತ್ರ ಹಿಡಿಯುತ್ತದೆ, ನಾರು ಕರಗುವ ಕೆಲಸ ಕರುಳಿನ ಹಿಂಭಾಗದಲ್ಲಿ ನಡೆಯುತ್ತದೆ, ಅದಕ್ಕೆ ವಾಂತಿ ಮಾಡಿ ಕೆಟ್ಟದ್ದನ್ನು ಹೊರಹಾಕಲೂ ಬರುವುದಿಲ್ಲ. ಹಿಂಗರುಳಿನ ಸೂಕ್ಷ್ಮಜೀವಿಗಳು ದಿನವೂ ಬರುವ ಮೇವಿಗೆ ಒಗ್ಗಿಕೊಂಡಿರುತ್ತವೆ. ಮೇವು ಹಠಾತ್ತಾಗಿ ಬದಲಾದರೆ ಅವುಗಳ ಸಮತೋಲನ ತಪ್ಪಿ ವಾಯು ತುಂಬುತ್ತದೆ, ಹೊಟ್ಟೆಶೂಲೆ ಬರುತ್ತದೆ, ಅದು ಕೆಲವೊಮ್ಮೆ ಪ್ರಾಣಕ್ಕೇ ಸಂಚಕಾರ ತರುತ್ತದೆ. ಆದ್ದರಿಂದಲೇ ಹೊಸ ಮೇವನ್ನು 7ರಿಂದ 14 ದಿನಗಳಲ್ಲಿ ಹಳೆಯದರೊಂದಿಗೆ ಸ್ವಲ್ಪಸ್ವಲ್ಪವೇ ಬೆರೆಸಿ ರೂಢಿಸಬೇಕೆಂದು ಪಶುವೈದ್ಯರು ಹೇಳುವುದು. ಕುದುರೆಯ ಒಡೆಯರಿಗೆ ನೀವು ಪೂರೈಸಬೇಕಾದದ್ದು ಒಳ್ಳೆಯ ಹುಲ್ಲನ್ನು, ಅದಕ್ಕಿಂತ ಹೆಚ್ಚಾಗಿ ಒಂದೇ ಬಗೆಯ ಹುಲ್ಲನ್ನು. ಒಂದು ಲೋಡು ಅತ್ಯುತ್ತಮವಾಗಿದ್ದು ಮುಂದಿನದು ಸಾಧಾರಣವಾಗಿರುವುದಕ್ಕಿಂತ, ವರ್ಷವಿಡೀ ಒಂದೇ ಸಮನಾದ, ಶುಚಿಯಾದ, ಮಧ್ಯಮ ಗುಣದ ಹುಲ್ಲು ಕುದುರೆಗೆ ಹೆಚ್ಚು ಹಿತ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಬೇಡಿಕೆಯ ಲೆಕ್ಕ ಹಾಕಿಕೊಳ್ಳಿ. ಕುದುರೆ ದಿನಕ್ಕೆ ತನ್ನ ದೇಹತೂಕದ ಶೇ 1.5ರಿಂದ 2ರಷ್ಟು ಒಣ ಮೇವು ತಿನ್ನಬೇಕು. 500 ಕೆ.ಜಿ. ತೂಕದ ಕುದುರೆಗೆ, ಬೇರೆ ಹಸಿ ಮೇವು ಇಲ್ಲದಿದ್ದರೆ, ದಿನಕ್ಕೆ ಸುಮಾರು 8ರಿಂದ 11 ಕೆ.ಜಿ. ಒಣಹುಲ್ಲು ಬೇಕಾಗುತ್ತದೆ. ದಿನಕ್ಕೆ 10 ಕೆ.ಜಿ. ಎಂದಿಟ್ಟುಕೊಂಡರೂ ವರ್ಷಕ್ಕೆ 3.6 ಟನ್ನಿಗೂ ಮೇಲಾಯಿತು. ಹತ್ತು ಕುದುರೆಗಳ ಲಾಯಕ್ಕೆ 36 ಟನ್ನಿಗೂ ಮೇಲು. ಕೊಯ್ಲಾಗುವುದು ವರ್ಷದಲ್ಲಿ ಕೆಲವೇ ವಾರಗಳು, ತಿನ್ನುವುದು 365 ದಿನ. ಈ ಎರಡರ ನಡುವಿನ ಅಂತರವನ್ನು ನಿಮ್ಮ ಕೊಟ್ಟಿಗೆ, ನಿಮ್ಮ ಬಂಡವಾಳ, ನಿಮ್ಮ ಹೊಣೆಗಾರಿಕೆಗಳೇ ತುಂಬಬೇಕು. ಆದ್ದರಿಂದ ಕೊಯ್ಲಿಗೆ ಮುಂಚೆಯೇ ಪ್ರತಿಯೊಬ್ಬ ಗ್ರಾಹಕರ ಕುದುರೆಗಳ ಸಂಖ್ಯೆ, ಅಂದಾಜು ತೂಕ, ವಯಸ್ಸು, ಕೆಲಸ ಮತ್ತು ಕಾಯಿಲೆಗಳನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಓಟದ ಅಥವಾ ಹಾಲೂಡಿಸುವ ಕುದುರೆಗೆ ಒಗ್ಗುವ ಹುಲ್ಲು, ಕೆಲಸವಿಲ್ಲದೆ ನಿಂತು ಮೈಬಂದಿರುವ ಪುಟ್ಟ ಜಾತಿಯ ಕುದುರೆಗೆ ಒಗ್ಗುವುದಿಲ್ಲ. ಇಬ್ಬರಿಗೂ ಒಂದೇ ಬಣವೆಯಿಂದ ಎಳೆದು ಕೊಟ್ಟರೆ ಒಬ್ಬರಿಗಾದರೂ ಅನ್ಯಾಯವಾಗುತ್ತದೆ.

ಕೊಯ್ಲು ಮತ್ತು ತೇವಾಂಶ

ಹುಲ್ಲಿನ ಗುಣ ಬಹುಪಾಲು ತೀರ್ಮಾನವಾಗುವುದು ಅದನ್ನು ಕೊಯ್ಯುವ ದಿನ. ತೆನೆ ಹೊರಬರುವ ಹೊತ್ತಿಗೆ ಕೊಯ್ದ ಹುಲ್ಲಿನಲ್ಲಿ ಎಲೆ ಹೆಚ್ಚು, ದಂಟು ಮೃದು. ತೆನೆ ಬಲಿತು ಬೀಜ ಉದುರುವವರೆಗೆ ಬಿಟ್ಟರೆ ತೂಕ ಹೆಚ್ಚುತ್ತದೆ, ಆದರೆ ದಂಟು ಗಡುಸಾಗಿ ಕುದುರೆ ಅದನ್ನು ಆಯ್ದು ಬಿಸಾಡುತ್ತದೆ. ದನದ ವ್ಯಾಪಾರದಲ್ಲಿ ತೂಕವೇ ಹಣ. ಇಲ್ಲಿ ಬಿಸಾಡಿದ ದಂಟಿನ ರಾಶಿಯನ್ನು ಒಡೆಯರು ಮರುದಿನ ಗುಡಿಸುತ್ತಾರೆ, ಗುಡಿಸುವಾಗ ಪೂರೈಸಿದವರನ್ನು ನೆನೆಯುತ್ತಾರೆ. ಹಾಗೆಂದು ಎಳೆಯದಾದಷ್ಟೂ ಒಳ್ಳೆಯದೆಂದೂ ಅಲ್ಲ. ಸುಲಭವಾಗಿ ಮೈಬರುವ ಕುದುರೆಗಳಿಗೆ ಸ್ವಲ್ಪ ಬಲಿತ ಹುಲ್ಲೇ ಸೂಕ್ತ.

ತೇವಾಂಶದ ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಸಲ್ಲದು. ಚಿಕ್ಕ ಪೆಂಡಿಗಳನ್ನು ಶೇ 18ಕ್ಕಿಂತ ಹೆಚ್ಚು ತೇವವಿರುವಾಗ ಕಟ್ಟಬಾರದು. ಕುದುರೆಗೆಂದೇ ಕಟ್ಟುವುದಾದರೆ ಶೇ 15ರ ಆಸುಪಾಸು ನನಗೆ ಸಮಾಧಾನ ತರುವ ಮಟ್ಟ. ಒಳಗಿನ ತೇವ ಹೊರಬರಲು ದಾರಿಯಿಲ್ಲದ ದೊಡ್ಡ ಚೌಕ ಪೆಂಡಿಗಳಲ್ಲಿ ಶೇ 15ನ್ನು ದಾಟದಿರುವುದೇ ಕ್ಷೇಮ. ಶೇ 20 ದಾಟಿದರೆ ಬೂಷ್ಟು ಬರುವುದು ಬಹುಮಟ್ಟಿಗೆ ಖಚಿತ. ಆ ಬೂಷ್ಟಿನ ಬೀಜಾಣುಗಳು ಕಣ್ಣಿಗೆ ಕಾಣದಷ್ಟು ಚಿಕ್ಕವು. ಹುಲ್ಲು ಕೊಡವಿದಾಗ ಅವು ದೂಳಿನಂತೆ ಏಳುತ್ತವೆ, ಮೂಗನ್ನು ಹುಲ್ಲಿನೊಳಗೇ ಇಟ್ಟು ತಿನ್ನುವ ಕುದುರೆ ಅವನ್ನು ಗಂಟೆಗಟ್ಟಲೆ ಒಳಗೆಳೆದುಕೊಳ್ಳುತ್ತದೆ, ಕೆಮ್ಮು ಮತ್ತು ಉಬ್ಬಸ ಶುರುವಾಗುತ್ತವೆ. ಒಮ್ಮೆ ಉಬ್ಬಸ ಅಂಟಿಕೊಂಡ ಕುದುರೆ ಜೀವಮಾನವಿಡೀ ದೂಳಿಲ್ಲದ ಮೇವನ್ನೇ ತಿನ್ನಬೇಕಾಗಬಹುದು.

ಹೊಲದಲ್ಲಿ ನಿಂತು ತೇವಾಂಶ ತಿಳಿಯಲು ಕೈಯಲ್ಲಿ ಹುಲ್ಲು ತಿರುಚಿ ನೋಡುವ ರೂಢಿಯಿದೆ. ಅದು ಒಂದು ಅಂದಾಜು ಅಷ್ಟೆ. ಖಚಿತವಾಗಿ ತಿಳಿಯಬೇಕೆಂದರೆ ಹೀಗೆ ಮಾಡಿ. ಸಾಲಿನ ಮೇಲ್ಭಾಗದಿಂದಲೂ ನೆಲಕ್ಕೆ ತಾಗಿರುವ ಕೆಳಭಾಗದಿಂದಲೂ ಹುಲ್ಲು ತೆಗೆದು, ಸಣ್ಣಗೆ ಕತ್ತರಿಸಿ, ಸರಿಯಾಗಿ 100 ಗ್ರಾಂ ತೂಗಿ. ಅದನ್ನು ಮೈಕ್ರೋವೇವ್ ಒಲೆಯಲ್ಲಿ, ಹೊತ್ತಿಕೊಳ್ಳದಂತೆ ಪಕ್ಕದಲ್ಲಿ ಒಂದು ಲೋಟ ನೀರಿಟ್ಟು, ಎರಡು ಮೂರು ನಿಮಿಷ ಬಿಸಿ ಮಾಡಿ ತೂಗಿ. ಆಮೇಲೆ ಅರ್ಧರ್ಧ ನಿಮಿಷ ಬಿಸಿ ಮಾಡುತ್ತ, ಪ್ರತಿ ಸಲವೂ ತೂಗುತ್ತ, ತೂಕ ಇಳಿಯುವುದು ನಿಲ್ಲುವವರೆಗೆ ಮುಂದುವರಿಸಿ. ಕೊನೆಗೆ ಉಳಿದದ್ದು 84 ಗ್ರಾಂ ಆದರೆ ತೇವಾಂಶ ಶೇ 16. ಕೆಳಭಾಗದ ಹುಲ್ಲನ್ನು ಬಿಟ್ಟು ಮೇಲಿನದನ್ನಷ್ಟೇ ತೂಗಿದರೆ ಲೆಕ್ಕ ನಿಮಗೆ ಹಿತವಾಗಿ ಬರುತ್ತದೆ, ಪೆಂಡಿಯ ನಡುಭಾಗ ಬೇರೆಯೇ ಮಾತು ಹೇಳುತ್ತದೆ. ಅತಿಯಾಗಿ ಒಣಗಿಸುವುದೂ ನಷ್ಟವೇ: ಕುದುರೆ ಮಸಾಲೆಯಂಥ ದ್ವಿದಳ ಮೇವಿನಲ್ಲಿ ಎಲೆಗಳೆಲ್ಲ ಪುಡಿಯಾಗಿ ಹೊಲದಲ್ಲೇ ಉದುರಿ, ಪೆಂಡಿಯಲ್ಲಿ ಬರೀ ಕಡ್ಡಿ ಉಳಿಯುತ್ತದೆ. ಅಂಥ ಮೇವನ್ನು ಕೊಂಚ ಇಬ್ಬನಿಯ ಮೆದುವಿರುವ ಹೊತ್ತಿನಲ್ಲಿ ಕಟ್ಟುವುದು ಅನುಭವಸ್ಥರ ಪದ್ಧತಿ.

ತೇವದ ಹುಲ್ಲನ್ನು ಒಟ್ಟಿದರೆ ಸೂಕ್ಷ್ಮಜೀವಿಗಳ ಚಟುವಟಿಕೆಯಿಂದ ಅದು ಒಳಗೇ ಕಾಯುತ್ತದೆ, ಕೆಲವು ಸಲ ತಾನೇ ಹೊತ್ತಿಕೊಳ್ಳುತ್ತದೆ. ಕಟ್ಟಿದ ಮೇಲಿನ ಮೊದಲ ಆರು ವಾರಗಳು ಎಚ್ಚರದ ಕಾಲ. ಉದ್ದನೆಯ ಉಷ್ಣಮಾಪಕದ ಕಂಬಿಯನ್ನು ಬಣವೆಯ ನಡುವಿಗೆ ಚುಚ್ಚಿ ನೋಡುತ್ತಿರಿ. 65 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ದಿನಕ್ಕೊಮ್ಮೆಯಾದರೂ ನೋಡಲೇಬೇಕು. 80 ಡಿಗ್ರಿ ಸಮೀಪಿಸಿದರೆ ಬಣವೆ ಕೆದಕಲು ಹೋಗದೆ ಮೊದಲು ಅಗ್ನಿಶಾಮಕ ದಳವನ್ನು ಕರೆಯಬೇಕು, ಏಕೆಂದರೆ ಕೆದಕಿದಾಗ ಒಳನುಗ್ಗುವ ಗಾಳಿಯೇ ಬೆಂಕಿ ಹತ್ತಿಸಬಹುದು. ಹೊತ್ತಿಕೊಳ್ಳದೆ ಉಳಿದ, ಆದರೆ ಒಮ್ಮೆ ಕಾದು ಕಂದಾದ ಹುಲ್ಲಿಗೆ ಸುಟ್ಟ ಸಕ್ಕರೆಯಂಥ ಘಮ ಬರುತ್ತದೆ. ಕುದುರೆ ಅದನ್ನು ಇಷ್ಟಪಟ್ಟು ತಿನ್ನಲೂಬಹುದು, ಆದರೆ ಅದರ ಪ್ರೋಟೀನಿನಲ್ಲಿ ಹೆಚ್ಚಿನ ಪಾಲು ಜೀರ್ಣವಾಗದ ರೂಪಕ್ಕೆ ತಿರುಗಿರುತ್ತದೆ. ಅಂಥದ್ದನ್ನು ಕುದುರೆಗೆ ಮಾರದಿರುವುದು ಒಳ್ಳೆಯದು. ಬೂಷ್ಟು ತಡೆಯಲು ಪ್ರೊಪಿಯೋನಿಕ್ ಆಮ್ಲ ಸಿಂಪಡಿಸಿ ಕಟ್ಟುವುದು ಒಪ್ಪಿತವಾದ ಕ್ರಮವೇ ಆಗಿದೆ. ಆದರೆ ಹಾಗೆ ಮಾಡಿದ್ದೀರಿ ಎಂಬುದನ್ನು ಗ್ರಾಹಕರಿಗೆ ಮೊದಲೇ ತಿಳಿಸಿ. ಹುಳಿ ವಾಸನೆಯ ಕಾರಣ ಗೊತ್ತಿಲ್ಲದವರು ಹುಲ್ಲು ಕೆಟ್ಟಿದೆಯೆಂದೇ ಭಾವಿಸುತ್ತಾರೆ.

ಹುಲ್ಲಿನೊಳಗೆ ಇರಬಾರದ್ದು

ಹುಲ್ಲುಗಾವಲಿನಲ್ಲಿ ಮೇಯುವ ಕುದುರೆ ಕಹಿಯಾದ ವಿಷಗಿಡಗಳನ್ನು ಸಾಮಾನ್ಯವಾಗಿ ಬಿಟ್ಟು ಮೇಯುತ್ತದೆ. ಒಣಗಿದಾಗ ಕಹಿ ಕಡಿಮೆಯಾಗಿ ವಿಷ ಹಾಗೆಯೇ ಉಳಿದರೆ, ಆ ಆಯ್ಕೆ ಅದರ ಕೈತಪ್ಪುತ್ತದೆ. ಹಳದಿ ಹೂವಿನ ರಾಗ್‌ವರ್ಟ್ ಇದಕ್ಕೆ ಸ್ಪಷ್ಟ ಉದಾಹರಣೆ. ಅದರ ವಿಷ ಯಕೃತ್ತನ್ನು ನಿಧಾನವಾಗಿ ಹಾಳುಮಾಡುವುದರಿಂದ ಲಕ್ಷಣಗಳು ಕಾಣುವ ವೇಳೆಗೆ ಆ ಲೋಡು ತಿಂದು ಮುಗಿದು ತಿಂಗಳುಗಳೇ ಕಳೆದಿರಬಹುದು. ಹೊಲದ ಬೇಲಿಯಲ್ಲಿ ಕಣಗಿಲೆ ಇದ್ದರೆ ಆ ಅಂಚನ್ನು ಬಿಟ್ಟೇ ಕೊಯ್ಯಬೇಕು, ಏಕೆಂದರೆ ಕಣಗಿಲೆಯ ಒಣಗಿದ ಎಲೆಗಳೂ ವಿಷವೇ, ಕೆಲವೇ ಎಲೆಗಳು ಒಂದು ಕುದುರೆಯನ್ನು ಕೊಲ್ಲಬಲ್ಲವು. ಕಳೆ ತೆಗೆಯುವ ಕೆಲಸ ಕೊಯ್ಲಿಗೆ ಮುಂಚೆ ಹೊಲದಲ್ಲಿ ನಡೆದಾಡಿಯೇ ಆಗಬೇಕು. ಪೆಂಡಿಯಾದ ಮೇಲೆ ಹುಡುಕುವುದು ಆಗದ ಮಾತು.

ಕುದುರೆ ಮಸಾಲೆ ಬೆಳೆಯುವವರು ಬ್ಲಿಸ್ಟರ್ ಬೀಟಲ್ ಎಂಬ ದುಂಬಿಯ ಬಗ್ಗೆ ತಿಳಿದಿರಬೇಕು. ಅದರ ಮೈಯಲ್ಲಿರುವ ಕ್ಯಾಂತಾರಿಡಿನ್ ಎಂಬ ವಸ್ತು ದುಂಬಿ ಸತ್ತು ಒಣಗಿದರೂ ನಾಶವಾಗುವುದಿಲ್ಲ, ಕುದುರೆಯ ಬಾಯಿ, ಕರುಳು, ಮೂತ್ರನಾಳಗಳನ್ನು ಸುಡುತ್ತದೆ. ದುಂಬಿಗಳು ಹೂವನ್ನು ಅರಸಿ ಗುಂಪಾಗಿ ಬರುವುದರಿಂದ ಹೂ ಬಿಡುವ ಮುನ್ನವೇ ಕೊಯ್ಯುವುದು, ದಂಟು ಜಜ್ಜುವ ರೋಲರ್‌ಗಳನ್ನು ಆ ಕಾಲದಲ್ಲಿ ಬಳಸದಿರುವುದು, ಇವೆರಡೂ ಅಪಾಯವನ್ನು ಬಹಳಷ್ಟು ತಗ್ಗಿಸುತ್ತವೆ. ಜಜ್ಜದಿದ್ದರೆ ದುಂಬಿಗಳು ಒಣಗುವ ಹುಲ್ಲಿನಿಂದ ಹಾರಿಹೋಗುತ್ತವೆ.

ದನಕ್ಕೆ ಸಲ್ಲುವ ಕೆಲವು ಮೇವುಗಳು ಕುದುರೆಗೆ ಸಲ್ಲವು. ಜೋಳ ಮತ್ತು ಸೂಡಾನ್ ಹುಲ್ಲಿನ ಮಿಶ್ರತಳಿಗಳು ಕುದುರೆಯ ಮೂತ್ರಕೋಶಕ್ಕೂ ನರಗಳಿಗೂ ಹಾನಿ ಮಾಡಬಲ್ಲವಾದ್ದರಿಂದ ಅವನ್ನು ಕೊಡದಿರುವುದೇ ಲೇಸು. ಆಕ್ಸಲೇಟ್ ಹೆಚ್ಚಿರುವ ಕೆಲವು ಉಷ್ಣವಲಯದ ಹುಲ್ಲುಗಳು ಸುಣ್ಣದಂಶವನ್ನು ಹಿಡಿದಿಟ್ಟು, ಬಹುಕಾಲ ತಿನ್ನಿಸಿದಲ್ಲಿ ಕುದುರೆಯ ಮೂಳೆಗಳನ್ನು ಸಡಿಲಗೊಳಿಸುತ್ತವೆ. ಚೂಪಾದ ತೆನೆಮುಳ್ಳುಗಳಿರುವ ಹುಲ್ಲು ತುಟಿ, ನಾಲಗೆಗಳಲ್ಲಿ ಹುಣ್ಣು ಮಾಡುತ್ತದೆ. ಇನ್ನೊಂದು ಅಪಾಯ ಹೊಲದಲ್ಲಿರದೆ ಲಾರಿಯಲ್ಲಿರುತ್ತದೆ: ದನ ಮತ್ತು ಕೋಳಿಗಳ ಆಹಾರಕ್ಕೆ ಬೆರೆಸುವ ಮೊನೆನ್ಸಿನ್ ಎಂಬ ಔಷಧ ಕುದುರೆಗೆ ತೀರ ಕಡಿಮೆ ಪ್ರಮಾಣದಲ್ಲೂ ಮಾರಕ. ಅಂಥ ಆಹಾರ ಸಾಗಿಸಿದ ವಾಹನವನ್ನು ಗುಡಿಸಿ ತೊಳೆಯದೆ ಹುಲ್ಲು ತುಂಬಬಾರದು. ಬಾಡಿಗೆ ಲಾರಿಯಾದರೆ ಹಿಂದಿನ ಬಾಡಿಗೆಯಲ್ಲಿ ಏನು ಸಾಗಿಸಿದಿರಿ ಎಂದು ಚಾಲಕರನ್ನು ಕೇಳಿಯೇ ತುಂಬಿಸಿ.

ಸತ್ತ ಇಲಿ, ಹಾವು, ಹಕ್ಕಿಗಳು ಪೆಂಡಿಯೊಳಗೆ ಸಿಕ್ಕಿಕೊಂಡರೆ ಬಾಟುಲಿಸಂ ಎಂಬ ಪಾರ್ಶ್ವವಾಯುವಿನಂಥ ವಿಷಬಾಧೆಗೆ ದಾರಿಯಾಗುತ್ತದೆ. ಹೊರಗೆ ನೆಂದ ದೊಡ್ಡ ರೋಲ್‌ಗಳಲ್ಲೂ ಪ್ಲಾಸ್ಟಿಕ್ ಸುತ್ತಿದ ತೇವದ ಮೇವಿನಲ್ಲೂ ಈ ಭಯ ಹೆಚ್ಚು. ಕುದುರೆಗೆ ಇದು ಬೇರೆ ಪ್ರಾಣಿಗಳಿಗಿಂತ ಬೇಗ ತಗಲುತ್ತದೆ.

ಲಾಟ್, ಪರೀಕ್ಷೆ, ಮುನ್ಸೂಚನೆ

ಒಂದೇ ಹೊಲದಲ್ಲಿ, ಒಂದೇ ಕೊಯ್ಲಿನಲ್ಲಿ, ಒಂದೆರಡು ದಿನಗಳೊಳಗೆ ಕಟ್ಟಿದ ಹುಲ್ಲನ್ನೆಲ್ಲ ಒಂದು ಲಾಟ್ ಎಂದು ಗುರುತಿಸಿ, ಬೇರೆಯಾಗಿ ಒಟ್ಟಿ, ಬಣವೆಯ ಮುಂದೆ ಹಲಗೆಯ ಮೇಲೆ ಹೊಲದ ಹೆಸರು, ಕೊಯ್ದ ದಿನ, ಕಟ್ಟಿದ ದಿನ, ತೇವಾಂಶ ಬರೆದು ತೂಗುಹಾಕಿ. ಜಾಗ ಸಾಲದೆಂದು ಎರಡು ಲಾಟ್‌ಗಳನ್ನು ಬೆರೆಸಿ ಒಟ್ಟುವುದು ಈ ವ್ಯಾಪಾರದಲ್ಲಿ ಅತಿ ಸಾಮಾನ್ಯವಾದ, ಅತಿ ದುಬಾರಿಯಾದ ಅಭ್ಯಾಸ: ಒಂದರಲ್ಲಿ ದೋಷ ಕಂಡಾಗ ಎರಡೂ ಮಾರಾಟವಾಗದೆ ಉಳಿಯುತ್ತವೆ.

ಪ್ರತಿ ಲಾಟ್‌ನ 15ರಿಂದ 20 ಪೆಂಡಿಗಳ ತುದಿಯಿಂದ ಒಳಕ್ಕೆ ಕೊರೆಯುವ ಕೊಳವೆ ಹಾಕಿ ತೆಗೆದ ಹುಲ್ಲನ್ನು ಬೆರೆಸಿ, ಗಾಳಿಯಾಡದ ಚೀಲದಲ್ಲಿ ಮೇವು ಪರೀಕ್ಷಿಸುವ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಕೈಯಿಂದ ಎಳೆದುಕೊಂಡ ಒಂದು ಹಿಡಿ ಹುಲ್ಲಿನಲ್ಲಿ ಎಲೆ ಉದುರಿ ಕಡ್ಡಿ ಉಳಿದಿರುವುದರಿಂದ ಅದರ ಫಲಿತಾಂಶ ನಂಬಲಾಗದು. ವರದಿಯಲ್ಲಿ ಪ್ರೋಟೀನಿನ ಜೊತೆಗೆ ಎನ್‌ಡಿಎಫ್, ಎಡಿಎಫ್ ಎಂಬ ನಾರಿನ ಅಳತೆಗಳನ್ನು ನೋಡಿ. ಎನ್‌ಡಿಎಫ್ ಶೇ 65 ಮೀರಿದ ಹುಲ್ಲನ್ನು ಬಹಳಷ್ಟು ಕುದುರೆಗಳು ಮನಸ್ಸಿಟ್ಟು ತಿನ್ನುವುದಿಲ್ಲ, ಎಡಿಎಫ್ ಶೇ 45 ಮೀರಿದರೆ ಅದರಿಂದ ದೊರೆಯುವ ಪೋಷಣೆ ಅತ್ಯಲ್ಪ. ಸಕ್ಕರೆ ಮತ್ತು ಪಿಷ್ಟದ ಒಟ್ಟು ಪ್ರಮಾಣವನ್ನು ಕೇಳುವ ಗ್ರಾಹಕರಿದ್ದರೆ ಅವರ ಕುದುರೆಗೆ ಲ್ಯಾಮಿನೈಟಿಸ್, ಅಂದರೆ ಗೊರಸಿನ ಒಳಪದರದ ಉರಿಯೂತದ ಭಯವಿದೆ ಎಂದು ತಿಳಿಯಿರಿ; ಅಂಥ ಕುದುರೆಗಳಿಗೆ ಆ ಒಟ್ಟು ಪ್ರಮಾಣ ಶೇ 10–12ರೊಳಗೆ ಇರಬೇಕೆಂಬುದು ರೂಢಿಯ ಸಲಹೆ. ಹಸಿರಾಗಿ, ಮೃದುವಾಗಿ ಕಾಣುವ ಹುಲ್ಲಿನಲ್ಲೂ ಸಕ್ಕರೆ ಹೆಚ್ಚಿರಬಹುದು, ಬಿಸಿಲಿಗೆ ಮೇಲ್ಮೈ ಬಿಳಿಚಿದ ಪೆಂಡಿಯ ಒಳಗು ಉತ್ತಮವಾಗಿರಬಹುದು. ಗ್ರಾಹಕರು ಬಣ್ಣ ನೋಡಿ ತೀರ್ಮಾನಿಸುವುದು ಸಹಜವಾದ್ದರಿಂದ, ವಾದಕ್ಕಿಳಿಯದೆ ವರದಿಯ ಪ್ರತಿಯನ್ನು ಕೈಗಿಟ್ಟು ಅವರ ಎದುರಿಗೇ ಪೆಂಡಿ ಬಿಚ್ಚಿ ತೋರಿಸಿ.

ಹುಲ್ಲು ಬದಲಾಗುವ ಸುದ್ದಿಯನ್ನು ಮುಂಚಿತವಾಗಿ ತಿಳಿಸುವುದನ್ನು ನಾನು ಪೂರೈಕೆಯ ಅತಿ ಮುಖ್ಯ ಕರ್ತವ್ಯವೆಂದು ಎಣಿಸುತ್ತೇನೆ. ಒಬ್ಬ ಗ್ರಾಹಕರ ಲಾಟ್ ಮುಗಿಯಲು ಇನ್ನು ಎರಡು ವಾರಗಳಿವೆ ಎನ್ನುವಾಗಲೇ, ಅಂದರೆ ಹಳೆಯ ಹುಲ್ಲು ಅವರ ಬಳಿ ಇನ್ನೂ ಇರುವಾಗಲೇ, ಹೊಸ ಲಾಟ್‌ನ ಕೆಲವು ಪೆಂಡಿಗಳನ್ನು ತಲುಪಿಸಬೇಕು. ಮೊದಲ ಕೆಲವು ದಿನ ಕಾಲುಭಾಗ ಹೊಸತು, ಬಳಿಕ ಅರ್ಧ, ಬಳಿಕ ಮುಕ್ಕಾಲು ಎಂಬಂತೆ ಅವರು ಬೆರೆಸಿಕೊಳ್ಳಲು ಇದರಿಂದ ಆಸ್ಪದ ಸಿಗುತ್ತದೆ. ಪೆಂಡಿಗಳು ಪೂರ್ತಿ ಖಾಲಿಯಾದ ಸಂಜೆ ಫೋನ್ ಮಾಡುವ ಗ್ರಾಹಕರಿಗೆ ಈ ಅವಕಾಶವೇ ಇರುವುದಿಲ್ಲ. ಆದ್ದರಿಂದ ಅವರು ಫೋನ್ ಮಾಡಲೆಂದು ಕಾಯದೆ, ನಿಮ್ಮ ಪುಸ್ತಕದ ಲೆಕ್ಕ ನೋಡಿ ನೀವೇ ಮೊದಲು ಮಾಡಿ.

ದಾಸ್ತಾನು ಮತ್ತು ತೂಕ

ಹುಲ್ಲನ್ನು ನೆಲಕ್ಕೆ ತಾಗಿಸದೆ ಮರದ ಹಲಗೆ ಅಥವಾ ಪ್ಯಾಲೆಟ್‌ಗಳ ಮೇಲೆ, ಸೂರಿನ ಕೆಳಗೆ, ಗಾಳಿಯಾಡುವಂತೆ ಒಟ್ಟಬೇಕು. ಹೊರಗೆ ಬಿಟ್ಟ ದೊಡ್ಡ ರೋಲ್‌ನ ಮೇಲ್ಪದರ ಮಾತ್ರ ಕೆಟ್ಟಿದೆ ಎಂದು ಸಮಾಧಾನಪಡುವವರು ಲೆಕ್ಕ ಹಾಕಿ ನೋಡಬೇಕು: ಒಂದೂವರೆ ಮೀಟರ್ ವ್ಯಾಸದ ರೋಲ್‌ನಲ್ಲಿ ಸುತ್ತಲೂ 15 ಸೆಂ.ಮೀ. ಕೆಟ್ಟರೆ ಹೋದದ್ದು ಒಟ್ಟು ಹುಲ್ಲಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಉಳಿದ ಭಾಗಕ್ಕೂ ಬೂಷ್ಟಿನ ದೂಳು ಹರಡಿರುವುದರಿಂದ ಅದು ಕುದುರೆಗೆ ಸಲ್ಲುವುದಿಲ್ಲ.

ಬೆಲೆಯನ್ನು ಪೆಂಡಿಯ ಲೆಕ್ಕದಲ್ಲಿ ಹೇಳಬೇಕೋ ತೂಕದ ಲೆಕ್ಕದಲ್ಲೋ ಎಂಬುದು ಜಗಳಗಳಿಗೆ ಮೂಲ. ಚಿಕ್ಕ ಪೆಂಡಿಯೊಂದು 15 ಕೆ.ಜಿ.ಯೂ ಇರಬಹುದು, 25 ಕೆ.ಜಿ.ಯೂ ಇರಬಹುದು. ತೂಕದ ಲೆಕ್ಕವೇ ನ್ಯಾಯ. ಪೆಂಡಿಯ ಲೆಕ್ಕದಲ್ಲೇ ಮಾರುವುದಾದರೆ ಪ್ರತಿ ಲಾಟ್‌ನ ಹತ್ತಾರು ಪೆಂಡಿಗಳನ್ನು ತೂಗಿ ಸರಾಸರಿಯನ್ನು ಬಿಲ್ಲಿನಲ್ಲಿ ನಮೂದಿಸಿ. ತೂಕ ಕಾಲಕ್ರಮದಲ್ಲಿ ಇಳಿಯುವುದನ್ನೂ ನಿಮ್ಮ ಬೆಲೆಯಲ್ಲಿ ಸೇರಿಸಿಕೊಳ್ಳಬೇಕು. ಶೇ 18 ತೇವಾಂಶವಿರುವಾಗ ಒಟ್ಟಿದ 1,000 ಕೆ.ಜಿ. ಹುಲ್ಲು ಶೇ 12ಕ್ಕೆ ಒಣಗಿದಾಗ ಸುಮಾರು 932 ಕೆ.ಜಿ. ಆಗುತ್ತದೆ, ಯಾರೂ ಕದಿಯದೆ, ಏನೂ ಕೊಳೆಯದೆ 68 ಕೆ.ಜಿ. ಕಡಿಮೆಯಾಯಿತು. ಹರಿದ ಪೆಂಡಿ, ನೆಲದ ಸಾಲಿನ ನಷ್ಟ ಇದಕ್ಕೆ ಬೇರೆ.

ತಲುಪಿಸುವುದು ಮತ್ತು ಒಪ್ಪಂದ

ಹೆಚ್ಚಿನ ಲಾಯಗಳಲ್ಲಿ ಹುಲ್ಲಿಡುವ ಜಾಗ ಕಡಿಮೆ, ದಾರಿ ಕಿರಿದು, ಪೆಂಡಿ ಇಳಿಸುವ ಆಳುಗಳಿಲ್ಲ. ಮೊದಲ ಲೋಡಿಗೆ ಮುನ್ನ ಒಮ್ಮೆ ಹೋಗಿ ಗೇಟಿನ ಅಗಲ, ತಿರುವು, ತಗ್ಗಾದ ತಂತಿಗಳು, ಮಳೆಯಾದಾಗ ಕೆಸರಾಗುವ ನೆಲ ಇವನ್ನು ನೋಡಿ ಬನ್ನಿ. ಇಳಿಸಿ ಒಟ್ಟುವುದು ಬೆಲೆಯಲ್ಲಿ ಸೇರಿದೆಯೋ ಇಲ್ಲವೋ, ಹಣ ಯಾವಾಗ, ದೋಷ ಕಂಡರೆ ಎಷ್ಟು ದಿನಗಳೊಳಗೆ ತಿಳಿಸಬೇಕು, ವಾಪಸು ಸಾಗಣೆಯ ಖರ್ಚು ಯಾರದು ಎಂಬುದನ್ನು ಬರೆದಿಟ್ಟುಕೊಂಡರೆ ಮುಂದೆ ಮನಸ್ತಾಪವಿರದು. ಇಡೀ ಹಂಗಾಮಿನ ಹುಲ್ಲನ್ನು ಕಾದಿರಿಸುವವರಿಂದ ಮುಂಗಡ ಪಡೆಯುವುದು ಸರಿಯಾದ ಕ್ರಮ. ಅವರ ಹುಲ್ಲು ನಿಮ್ಮ ಕೊಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಜಾಗ ಹಿಡಿಯುತ್ತದೆ, ಬೆಲೆ ಏರಿದಾಗ ಅದನ್ನು ಬೇರೆಯವರಿಗೆ ಮಾರುವ ಹಕ್ಕನ್ನು ನೀವು ಬಿಟ್ಟುಕೊಟ್ಟಿರುತ್ತೀರಿ.

ಬರ ಬಂದು ಅಥವಾ ಕೊಯ್ಲಿನ ಹೊತ್ತಿಗೆ ಮಳೆ ಹಿಡಿದು ಹುಲ್ಲು ಕಡಿಮೆಯಾದ ವರ್ಷದಲ್ಲಿ, ದಾಸ್ತಾನು ಎಷ್ಟಿದೆ ಎಂದು ಎಣಿಸಿದ ವಾರವೇ ಎಲ್ಲ ಗ್ರಾಹಕರಿಗೂ ತಿಳಿಸಿ. ಬೇಗ ತಿಳಿದವರು ಒತ್ತಿ ಮಾಡಿದ ಹುಲ್ಲಿನ ಗುಳಿಗೆ, ನೆನೆಸಿದ ಬೀಟ್‌ರೂಟ್ ಜಾತಿಯ ಸಕ್ಕರೆಗಡ್ಡೆಯ ಸಿಪ್ಪೆ ಮುಂತಾದವುಗಳಿಂದ ಒಂದು ಪಾಲನ್ನು ತುಂಬಿಕೊಳ್ಳಬಹುದು, ಅದನ್ನೂ ನಿಧಾನವಾಗಿ ರೂಢಿಸಬಹುದು. ಹೊರಗಿನಿಂದ ಹುಲ್ಲು ತರಿಸಿ ಕೊಡುವುದಾದರೆ ಅದು ನಿಮ್ಮ ಹೊಲದ್ದಲ್ಲವೆಂದು ಬಿಲ್ಲಿನಲ್ಲೇ ಬರೆಯಿರಿ, ಪರೀಕ್ಷೆ ಮಾಡಿಸದೆ ಇಳಿಸಬೇಡಿ.

ದೂರು ಬಂದಾಗ ಲಾಟ್‌ನ ಹೆಸರು ಕೇಳಿ, ಆ ದಿನವೇ ಹೋಗಿ ನೋಡಿ. ಇದಕ್ಕೆ ನೆರವಾಗಲು ಪ್ರತಿ ಲಾಟ್‌ನಿಂದ ಎರಡು ಪೆಂಡಿಗಳನ್ನು ಚೀಟಿ ಕಟ್ಟಿ, ಆ ಲಾಟ್ ಪೂರ್ತಿ ತಿಂದು ಮುಗಿದು ಒಂದೆರಡು ತಿಂಗಳಾಗುವವರೆಗೂ ಮಾರದೆ ತೆಗೆದಿಡಿ. ಬೂಷ್ಟು ನಿಮ್ಮ ಕೊಟ್ಟಿಗೆಯಲ್ಲೇ ಬಂದಿತ್ತೋ ಅಥವಾ ಲಾಯದ ಸೋರುವ ಸೂರಿನ ಕೆಳಗೆ ಬಂತೋ ಎಂಬುದನ್ನು, ಇಬ್ಬರೂ ಒಟ್ಟಿಗೆ ನಿಂತು ಆ ಪೆಂಡಿಗಳ ಹುರಿ ಕತ್ತರಿಸಿ ನೋಡಿದರೆ ತಿಳಿಯಬಹುದು. ದೋಷ ನಿಮ್ಮ ಕಡೆಯದೆಂದು ಕಂಡರೆ ಅದೇ ಲಾಟ್ ಪಡೆದ ಉಳಿದ ಗ್ರಾಹಕರಿಗೆ ಅದೇ ಸಂಜೆ ಫೋನ್ ಮಾಡಿ, ಆ ಹುಲ್ಲು ತಿನ್ನಿಸುವುದನ್ನು ನಿಲ್ಲಿಸಲು ಹೇಳಿ.